ಗಂಧ ಹಚ್ಚಿದ್ದು ನಾನೇ

ಚೇರಂಬಾಣೆ,
ಸೆಪ್ಟೆಂಬರ್ ೧೬, ೨೦೨೫, ಮಂಗಳವಾರ

ಪ್ರೀತಿಯ ಮಗ ತೀರ್ಥಪ್ರಸಾದನಿಗೆ ಅವ್ವನ ಆಶೀರ್ವಾದ.

ಹೇಗಿದ್ದೀಯ ಮಗಾ? ಆ ಗಡಿಯ ಹಿಮದಲ್ಲಿ ಕಾಲ್ಬೆರಳು ಮರಗಟ್ಟುವುದು ಕಡಿಮೆಯಾಯಿತೇ? ನಾನು ಕಳುಹಿಸಿದ ಉಣ್ಣೆಯ ಕಾಲುಚೀಲ ನೀನೇ ಹಾಕಿಕೋ, ಜೊತೆಯವರಿಗೆ ದಾನ ಮಾಡಬೇಡ. ನಿನ್ನ ಗುಣ ನನಗೆ ಗೊತ್ತು. ಇಲ್ಲಿ ನಾವೆಲ್ಲ ಸೌಖ್ಯ. ನನ್ನ ಮಂಡಿ ಮಳೆಗಾಲಕ್ಕೆ ತಪ್ಪದೆ ನೋಯುತ್ತಿದೆ, ಹಳೆಯ ನೆಂಟ, ಅದರ ಮಾತು ಬಿಡು. ನಿನ್ನ ಮಗಳು ಮುತ್ತಿಗೆ ಮುಂದಿನ ಹಲ್ಲು ಬಿದ್ದಿದೆ. ಅಪ್ಪನಿಗೆ ತೋರಿಸಬೇಕೆಂದು ಅದನ್ನು ಡಬ್ಬಿಯಲ್ಲಿಟ್ಟು ಕಾಯುತ್ತಿದ್ದಾಳೆ.

ಭಾನುವಾರ ನಿನ್ನ ಫೋನ್ ಬಂದಾಗ ಅರ್ಧದಲ್ಲೇ ಲೈನ್ ಕಟ್ಟಾಯಿತಲ್ಲ. ನೀನು ಹೇಳಬೇಕಾದದ್ದನ್ನು ಹೇಳಿ ಮುಗಿಸಿದ್ದೆ. ನನ್ನದು ಬಾಯಲ್ಲೇ ಉಳಿಯಿತು. ಮಾತು ನುಂಗಿಕೊಂಡು ಕೂರುವವಳು ನಾನಲ್ಲ. ಅದಕ್ಕೇ ಈ ಕಾಗದ. ನಿನ್ನ ಚಿಕ್ಕಪ್ಪ ಬೆಳ್ಯಪ್ಪ ಏನೇನು ಹೇಳಿದ್ದಾನೋ ಅದನ್ನೆಲ್ಲ ಬದಿಗಿಟ್ಟು ಓದು.

ಚೈತನ್ಯ ಸೊಸೆಯಾಗಿ ಈ ಮನೆಗೆ ಬಂದಾಗ ಅವಳ ಬಿ.ಎ. ಅರ್ಧಕ್ಕೆ ನಿಂತದ್ದು ನಿನಗೆ ಗೊತ್ತೇ ಇದೆ. ಮಡಿಕೇರಿಯ ಕಾಲೇಜಿಗೆ ಹೋಗಿ ಬರುವುದೆಂದರೆ ದಿನವೆಲ್ಲ ಬಸ್ಸಿಗೇ ಸರಿ, ಆಮೇಲೆ ಮಗು, ಆಮೇಲೆ ತೋಟ. ‘ಆಮೇಲೆ ಓದಿದರಾಯಿತು’ ಎಂದು ಎಲ್ಲರೂ ಸಮಾಧಾನ ಹೇಳಿದರು. ಆ ಆಮೇಲೆ ಯಾವ ಬಸ್ಸಿನಲ್ಲೂ ಬರಲಿಲ್ಲ. ಕೊನೆಗೆ ಬಂದದ್ದು ಫೋನಿನಲ್ಲಿ. ನಮ್ಮಲ್ಲಿ ನೆಟ್‌ವರ್ಕ್ ಸಿಗುವುದು ಕಾಫಿ ಒಣಗಿಸುವ ಕಣದ ಆ ಮೂಲೆಯಲ್ಲಿ ಮಾತ್ರ ತಾನೇ, ಅಲ್ಲೇ ಟಾರ್ಪಲ್ ಕಟ್ಟಿ ಮೇಜು ಹಾಕಿಕೊಟ್ಟೆ. ಅವಳು ಪಾಠ ಕೇಳುವಾಗ ನಾನು ಪಕ್ಕದಲ್ಲಿ ಕಳಲೆ ಹೆಚ್ಚುತ್ತಾ ಕೂರುತ್ತಿದ್ದೆ. ಮೇಷ್ಟ್ರು ಯಾವ ಊರಿನವರೋ, ಅರ್ಥಶಾಸ್ತ್ರ ಮಾತ್ರ ನಮ್ಮ ಕಣಕ್ಕೆ ಬಂತು. ನನಗೂ ಅರ್ಧಂಬರ್ಧ ತಲೆಗೆ ಹತ್ತಿದೆ. ನಗಬೇಡ.

ಕೊನೆಯ ಪರೀಕ್ಷೆಯನ್ನು ಅವರು ಇಟ್ಟದ್ದು ಸರಿಯಾಗಿ ಕೈಲ್ ಮುಹೂರ್ತದ ದಿನ. ದೂರದ ಯೂನಿವರ್ಸಿಟಿಯವರಿಗೆ ನಮ್ಮ ಹಬ್ಬ ಏನು ಗೊತ್ತು! ಬೆಳಿಗ್ಗೆ ಎಂದಿನಂತೆ ಕೋವಿ, ಕತ್ತಿ, ನೇಗಿಲು ಎಲ್ಲವನ್ನೂ ತೊಳೆದು ಒರೆಸಿ ಸಾಲಾಗಿ ಇಟ್ಟು ಪೂಜೆಗೆ ಅಣಿ ಮಾಡಿದೆ. ಯಾರು ಯಾವುದನ್ನು ಹಿಡಿದು ದುಡಿಯುತ್ತಾರೋ ಅದಕ್ಕೆ ಹೂ, ಗಂಧ. ಹಾಗಾದರೆ ಚೈತನ್ಯಳ ಆಯುಧ ಯಾವುದು, ನೀನೇ ಹೇಳು? ಅವಳ ಫೋನನ್ನೂ ತಂದು ನಿನ್ನ ಅಪ್ಪನ ಕೋವಿಯ ಪಕ್ಕ ಇಟ್ಟೆ. ಕತ್ತಿಗೆ ಹಚ್ಚಿದಷ್ಟೇ ಧಾರಾಳವಾಗಿ ಗಂಧ ಹಚ್ಚಿದೆ. ಅದರ ಕಣ್ಣು ಯಾವ ಕಡೆ ಇದೆ ಎಂದು ನಾನು ನೋಡಲಿಲ್ಲ.

ಪರೀಕ್ಷೆಯ ಹೊತ್ತಿಗೆ ಬೇರೆ ಯಾರ ದನಿಯೂ ಕೇಳಬಾರದು ಎಂದು ಅವಳು ಮೊದಲೇ ಹೇಳಿದ್ದಳು. ಊಟವಾದ ಮೇಲೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯವಿರುತ್ತದಲ್ಲ, ಅದನ್ನು ನಾನೇ ತಡೆದೆ. ಗಂಡಸರೆಲ್ಲ ಕೋವಿ ಹಿಡಿದುಕೊಂಡು ಜಗಲಿಯಲ್ಲಿ ಪಿಸಪಿಸ ಮಾತಾಡುತ್ತಾ ಕೂತಿದ್ದನ್ನು ನೀನು ನೋಡಬೇಕಿತ್ತು. ನಾಯಿಯನ್ನು ಆಚೆ ತೋಟದ ಉತ್ತಯ್ಯನ ಮನೆಯಲ್ಲಿ ಕಟ್ಟಿ ಬಂದೆವು. ಸದ್ದಿಗೆ ಇಷ್ಟು ಕಾವಲು ಹಾಕಿದ ನಮ್ಮಲ್ಲಿ ಒಬ್ಬರಿಗೂ ಗಂಧದ ನೆನಪಾಗಲಿಲ್ಲ. ಅವಳು ಸೆರಗಿನಲ್ಲಿ ಒರೆಸಿಕೊಂಡಿದ್ದಳು, ಆದರೂ ಕ್ಯಾಮೆರಾದ ಮೇಲೆ ತೆಳ್ಳಗೆ ಉಳಿದಿತ್ತು. ಮೊದಲು ಅವಳ ಮುಖವನ್ನು ಒಪ್ಪಿಕೊಂಡ ಯಂತ್ರ ನಡುವೆ ತಕರಾರು ತೆಗೆಯಿತು. ಮುಖ ಸರಿಯಾಗಿ ಕಾಣುತ್ತಿಲ್ಲವಂತೆ. ಮತ್ತೆ ಮತ್ತೆ ಅದನ್ನೇ ಹೇಳಿ, ಕೊನೆಗೆ ಪರೀಕ್ಷೆಯನ್ನೇ ಮುಚ್ಚಿಬಿಟ್ಟಿತು. ಎಲ್ಲ ಉತ್ತರ ಗೊತ್ತಿದ್ದ ಹುಡುಗಿ ಟಾರ್ಪಲ್ ಅಡಿಯಲ್ಲಿ ಆ ಫೋನನ್ನು ಇನ್ನೂ ಒರೆಸುತ್ತಾ ಕೂತಿದ್ದಳು ಮಗಾ.

ಮರುದಿನ ಯೂನಿವರ್ಸಿಟಿಯಿಂದ ಮೇಲ್ ಬಂತು. ‘ನಕಲು ಮಾಡಲೆಂದು ಬೇಕೆಂದೇ ಕ್ಯಾಮೆರಾ ಮರೆಮಾಡಿದೆ’ ಎಂದು ಒಪ್ಪಿ ಸೈನ್ ಹಾಕಿದರೆ ಮತ್ತೆ ಪರೀಕ್ಷೆಗೆ ಕೂರಿಸುತ್ತಾರಂತೆ. ಇಲ್ಲದಿದ್ದರೆ ಅವಳ ಹೆಸರನ್ನೇ ತೆಗೆದುಹಾಕುತ್ತಾರಂತೆ. ಬೆಳ್ಯಪ್ಪ ಬಂದು ‘ಒಂದು ಸೈನ್ ಹಾಕಿರೆ ಕೈ ಸವೀತದಾ?’ ಎಂದ. ಚೈತನ್ಯ ‘ನಂಗೆ ಬೊತ್ತು ಅತ್ತೆ’ ಎಂದು ಎದ್ದು ಹೋದಳು. ಅವಳು ಬೊತ್ತು ಎಂದರೆ ಬೇಡವೇ ಬೇಡ, ನಿನಗೆ ಅನುಭವವಿದೆ. ಕುಂಬಳಕಾಯಿ ಕದಿಯದವಳು ಹೆಗಲು ಯಾಕೆ ಮುಟ್ಟಿಕೊಳ್ಳಬೇಕು? ಭಾನುವಾರ ನೀನೂ ‘ಸೈನ್ ಹಾಕಿಕೆ ಹೇಳ್ ಅವ್ವ, ಮುಗಿಲಿ’ ಎಂದೆಯಲ್ಲ, ಒಂದು ಕೇಳುತ್ತೇನೆ. ಕಾವಲು ಬಿಟ್ಟು ಓಡಿದೆ ಎಂದು ಬರೆದುಕೊಟ್ಟರೆ ನಾಳೆಯೇ ರಜೆ ಎಂದು ಯಾರಾದರೂ ಹೇಳಿದರೆ ನೀನು ಸೈನ್ ಹಾಕುತ್ತೀಯಾ? ನಿನ್ನ ಮಾನಕ್ಕೆ ಒಂದು ತೂಕ, ಅವಳ ಮಾನಕ್ಕೆ ಇನ್ನೊಂದು ತೂಕವೇ?

ನಾವು ಸುಮ್ಮನೆ ಕೂತಿಲ್ಲ. ಅದೇ ಕಲ್ಲಿನಲ್ಲಿ ಗಂಧ ತೇಯ್ದು, ಅದೇ ಫೋನಿಗೆ ಹಚ್ಚಿ, ಅವಳು ಸೆರಗಿನಲ್ಲಿ ಒರೆಸಿದ ಮೇಲೆ ಮುಖ ಹೇಗೆ ಮಸುಕಾಗುತ್ತದೆ ಎಂದು ನನ್ನ ಫೋನಿನಲ್ಲಿ ವಿಡಿಯೋ ಮಾಡಿ ಕಳುಹಿಸಿದೆವು. ಗುರುವಾರ ವಿಡಿಯೋ ಕಾಲ್‌ನಲ್ಲಿ ವಿಚಾರಣೆ ಇದೆ, ಮನೆಯವರೊಬ್ಬರು ಮಾತಾಡಬಹುದು ಎಂದು ಉತ್ತರ ಬಂದಿದೆ. ಮಾತಾಡುವವಳು ನಾನು. ‘ಅಷ್ಟು ಓದಿದವರ ಮುಂದೆ ನೀವು ಎಂತ ಹೇಳ್ತೀರಿ ಅತ್ತಿಗೆ?’ ಎಂದು ಬೆಳ್ಯಪ್ಪ ನಕ್ಕ. ಹೇಳಲು ಏನು ಕಷ್ಟ? ಗಂಧ ಹಚ್ಚಿದ್ದು ನಾನೇ, ಹಬ್ಬದ ದಿನ ಹಚ್ಚುವುದು ನಮ್ಮ ಪದ್ಧತಿ, ಅದಕ್ಕೆ ನಾನು ತಲೆ ತಗ್ಗಿಸುವುದಿಲ್ಲ. ಕಾಲೇಜನ್ನು ನಮ್ಮ ಕಣಕ್ಕೆ ತಂದ ಪುಣ್ಯ ನಿಮಗಿರಲಿ. ಆದರೆ ಯಂತ್ರಕ್ಕೆ ಮುಖ ಕಾಣದಿದ್ದಾಗ, ಕಳ್ಳಿ ಎನ್ನುವ ಮೊದಲು ಮನುಷ್ಯರು ಒಂದು ಸಲ ‘ಏನಾಯಿತಮ್ಮ?’ ಎಂದು ಕೇಳಬೇಕಿತ್ತು. ಇಷ್ಟೇ ಹೇಳುತ್ತೇನೆ, ಗಟ್ಟಿಯಾಗಿ ಹೇಳುತ್ತೇನೆ. ಹೆಸರು ತೆಗೆದರೆ ತೆಗೆಯಲಿ, ಇನ್ನೊಂದು ಕಡೆ ಮೊದಲಿನಿಂದ ಓದುತ್ತಾಳೆ. ಟಾರ್ಪಲ್ ಬಿಚ್ಚುವುದಿಲ್ಲ.

ಈ ಕಾಗದ ನಿನ್ನ ಕೈ ಸೇರುವಾಗ ಗುರುವಾರ ಕಳೆದು ಎಷ್ಟೋ ದಿನವಾಗಿರುತ್ತದೆ. ಅಂಚೆ ನಿಧಾನವಾದದ್ದೂ ಒಮ್ಮೊಮ್ಮೆ ಒಳ್ಳೆಯದೇ. ಹುತ್ತರಿ ಹಬ್ಬಕ್ಕೆ ರಜೆ ಸಿಕ್ಕಿದರೆ ಬಾ. ಇಗ್ಗುತ್ತಪ್ಪ ನಿನ್ನನ್ನು ಕಾಯಲಿ.

ನಿನ್ನ ಅವ್ವ,
ಬೊಳ್ಳಮ್ಮ

ಮರೆತಿದ್ದೆ: ಭಾನುವಾರ ನಿನ್ನ ಫೋನ್ ಬಂದಾಗ ಚೈತನ್ಯ ಕೊಟ್ಟಿಗೆಯಲ್ಲಿದ್ದಳು. ಓಡಿ ಬಂದು ‘ಅವ್ರು ಎಂತ ಹೇಳಿದೊ?’ ಎಂದು ಕೇಳಿದಳು. ಲೈನ್ ಕಟ್ಟಾಯಿತು ಎಂದೆ. ಕಟ್ಟಾದದ್ದು ನಿಜವಲ್ಲವೇ? ನೀನು ಹೇಳಿದ್ದನ್ನು ಅವಳಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಗಂಡ ತನ್ನ ಕಡೆಗೇ ಇದ್ದಾನೆ ಎಂದು ನಂಬಿಕೊಂಡು ಅವಳು ಗುರುವಾರ ಕ್ಯಾಮೆರಾ ಮುಂದೆ ಕೂರುತ್ತಾಳೆ. ಆ ನಂಬಿಕೆಯನ್ನು ನಿಜ ಮಾಡುವ ಕಾಗದವನ್ನು ನೀನೇ ಅವಳಿಗೆ ಬರೆ, ಇದು ಕೈ ಸೇರಿದ ದಿನವೇ ಬರೆ. ಗುರುವಾರ ಬೆಳಿಗ್ಗೆಯೂ ನಾನು ಫೋನಿಗೆ ಗಂಧ ಹಚ್ಚಿಯೇ ಕೊಡುತ್ತೇನೆ. ಅದರ ಕಣ್ಣು ಎಲ್ಲಿದೆ ಎಂದು ಈಗ ನನಗೆ ಗೊತ್ತು.