ಬಾಡಿಗೆ ನಂಬರಿನ ಮನೆತನ

೨೧೬೩ನೇ ಇಸವಿ, ಫೆಬ್ರವರಿ ಮೂವತ್ತೊಂದು
ಗೋಡೆ ಬೀದಿ, ಬೆಟಗೇರಿ, ಗದಗ

ಕಸ್ತೂರಿ ಆಯಿಗೆ,

ತಾರೀಖು ನೋಡಿ ನಗಬೇಡ. ದೊಡ್ಡ ಮರುಎಣಿಕೆಯಾದ ಮೇಲೆ ಲೆಕ್ಕ ಸುಲಭವಾಗಲೆಂದು ಎಲ್ಲ ತಿಂಗಳಿಗೂ ಮೂವತ್ತೊಂದು ದಿನ ಮಾಡಿದ್ದಾರೆ. ಮಳೆಗೂ ಬಿಸಿಲಿಗೂ ಈ ಸುದ್ದಿ ಯಾರೂ ಮುಟ್ಟಿಸಿಲ್ಲವಾದ್ದರಿಂದ ಅವು ತಮ್ಮ ಪಾಡಿಗೆ ಬಂದು ಹೋಗುತ್ತವೆ. ನನ್ನ ಮಾತು ನಿನಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸು. ನಿನ್ನ ಕಾಲದ ಕನ್ನಡವನ್ನು ಹಳೆಯ ಕಾಗದಗಳನ್ನು ಓದಿ ಕಲಿತಿದ್ದೇನೆ, ಎಲ್ಲೋ ಕೆಲವು ಕಡೆ ತಪ್ಪಿರಲೂಬಹುದು. ನನ್ನ ಹೆಸರು ಇಂದ್ರವ್ವ. ನೀನು ನನ್ನ ಅಜ್ಜಿಯ ಮುತ್ತಜ್ಜಿ. ಆದರೂ ಈ ಪತ್ರ ಮುಟ್ಟುವ ಗಳಿಗೆಯಲ್ಲಿ ನಿನಗೆ ಮೂವತ್ತೊಂದು ವರ್ಷ, ನನಗೆ ನಲವತ್ಮೂರು. ಹಾಗಾಗಿ ನಮ್ಮಿಬ್ಬರಲ್ಲಿ ಬೈಯುವ ಹಕ್ಕು ಯಾರದು ಎಂಬುದು ನನಗೆ ಇನ್ನೂ ಬಗೆಹರಿದಿಲ್ಲ.

ನೀನು ಈಗ ಏನು ಮಾಡುತ್ತಿದ್ದೀ ಎಂಬುದು ನನಗೆ ಬಾಯಿಪಾಠ. ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತೆರಡು ನಿಮಿಷ. ಹೊಲಿಗೆ ಮಷಿನ್ನಿನ ಮುಂದೆ ಕುಳಿತು, ರವಿಕೆ ಹೊಲಿಯಲು ಆರ್ಡರ್ ಕೊಡಿಸುವ ಆ್ಯಪೊಂದಕ್ಕೆ ಹೆಸರು ಸೇರಿಸುತ್ತಿದ್ದೀ. ಅದು ಫೋನ್ ನಂಬರ್ ಕೇಳಿದೆ. ನೀನು ನಿನ್ನದನ್ನು ಕೊಡದೆ, ಅಂತರ್ಜಾಲದಲ್ಲಿ ಪುಕ್ಕಟೆ ಸಿಗುವ ಒಂದು ವರ್ಚುವಲ್ ನಂಬರನ್ನು ಹಾಕಿದ್ದೀ. ಅದಕ್ಕೆ ಬರುವ ಒಟಿಪಿ ಒಂದು ಬಯಲು ಪುಟದಲ್ಲಿ ಬಂದು ಬೀಳುತ್ತದೆ. ಆ ಪುಟವನ್ನು ನೀನೂ ನೋಡಬಹುದು, ಊರೂ ನೋಡಬಹುದು. ಆರು ಅಂಕಿ ಬಂದವು, ನೀನು ಒತ್ತಿದೆ, ಒಳಗೆ ಹೋದೆ. ನಿನ್ನ ಪಾಲಿಗೆ ಅಲ್ಲಿಗೆ ಕೆಲಸ ಮುಗಿಯಿತು.

ನಮ್ಮ ಪಾಲಿಗೆ ಮುಗಿಯಲಿಲ್ಲ. ನಿನ್ನ ಮಕ್ಕಳ ಕಾಲದಲ್ಲಿ ಊರೂರಿನ ದಫ್ತರುಗಳೆಲ್ಲ ಹಾಳಾದವು. ಹುಟ್ಟಿದ ಕಾಗದವಿಲ್ಲ, ಮನೆಯ ಕಾಗದವಿಲ್ಲ, ಯಾರು ಯಾರ ಮಕ್ಕಳೆಂದು ಹೇಳುವ ದಾಖಲೆ ಇಲ್ಲ. ಉಳಿದದ್ದು ಒಂದೇ, ಯಾವ ನಂಬರಿಗೆ ಯಾವ ಗಳಿಗೆಯಲ್ಲಿ ಒಟಿಪಿ ಕೋಡು ಹೋಯಿತು ಎಂಬ ಪಟ್ಟಿ. ಅದನ್ನೇ ಹಿಡಿದು ಮನುಷ್ಯರನ್ನು ಮತ್ತೆ ಎಣಿಸಿದರು. ಪ್ರತಿ ಕುಟುಂಬಕ್ಕೂ ಒಂದು ತಾಯಿನಂಬರ್ ಗೊತ್ತಾಯಿತು. ನೀರು, ಜೋಳ, ಶಾಲೆ, ದವಾಖಾನೆ ಎಲ್ಲಕ್ಕೂ ಆ ನಂಬರಿಗೆ ಕೋಡು ಬರಬೇಕು, ಬಂದ ಕೋಡನ್ನು ನಾವು ನುಡಿಯಬೇಕು. ಸ್ವಂತ ನಂಬರ್ ಕೊಟ್ಟವರ ಮೊಮ್ಮಕ್ಕಳಿಗೆ ಕೋಡು ಮನೆಗೇ ಬರುತ್ತದೆ. ಅವರನ್ನು ಸ್ವಂತದವರು ಎನ್ನುತ್ತೇವೆ. ನಾವು ಬಾಡಿಗೆಯವರು. ನೀನು ಹಾಕಿದ ಅದೇ ನಂಬರನ್ನು ಎಲ್ಲೆಲ್ಲಿಯವರೋ ಸಾವಿರಾರು ಜನ ಹಾಕಿದ್ದರು. ಅವರ ಸಂತಾನವೆಲ್ಲ ಈಗ ಕಾಗದದ ಮೇಲೆ ನಮ್ಮ ರಕ್ತಸಂಬಂಧಿಗಳು. ಅವರಲ್ಲಿ ಯಾರನ್ನೂ ಮದುವೆಯಾಗುವಂತಿಲ್ಲ. ನನ್ನ ತಂಗಿ ಮೆಚ್ಚಿದ ಹುಡುಗ ನಮ್ಮದೇ ನಂಬರಿನವನೆಂದು ತಿಳಿದ ದಿನ ನಮ್ಮಪ್ಪ, ಒಂದು ಹನಿ ರಕ್ತದ ನಂಟಿಲ್ಲದ ಆ ಹುಡುಗನಿಗೆ, ಅಣ್ಣನಾಗಿ ಊಟ ಮಾಡಿ ಹೋಗು ಎಂದು ಎಲೆ ಹಾಕಿಸಿದ. ಹುಡುಗ ಉಣ್ಣದೆ ಎದ್ದು ಹೋದ. ತಂಗಿ ಇನ್ನೂ ಒಬ್ಬಳೇ ಇದ್ದಾಳೆ.

ಬಾಡಿಗೆಯವರ ಕೋಡುಗಳು ಗೋಡೆಯ ಮೇಲೆ ಬರುತ್ತವೆ. ನಿನ್ನ ಬಯಲು ಪುಟವನ್ನೇ ಕಲ್ಲಿನಲ್ಲಿ ಕಟ್ಟಿದ್ದಾರೆ ಎಂದುಕೋ. ಅಂಗಳದಲ್ಲಿ ನಲವತ್ತು ಐವತ್ತು ಜನ ಕಾಯುತ್ತಿರುತ್ತೇವೆ. ಗಂಟೆ ಹೊಡೆಯುತ್ತದೆ, ಯಾವ ಇಲಾಖೆಯದೆಂದು ಧ್ವನಿಯೊಂದು ಕೂಗುತ್ತದೆ, ಆರು ಅಂಕಿ ಮೂಡುತ್ತವೆ. ಹೆಸರು ಇರುವುದಿಲ್ಲ. ನೂರಿಪ್ಪತ್ತು ಎಣಿಸುವುದರೊಳಗೆ ಕೋಡಿನವರು ಮುಂದೆ ಹೋಗಿ ಗೋಡೆಯಲ್ಲಿರುವ ಕಿವಿಕಂಡಿ ಎಂಬ ತೂತಿನಲ್ಲಿ ಅದನ್ನು ನುಡಿಯಬೇಕು. ತಮ್ಮದಲ್ಲದ ಕೋಡನ್ನು ಯಾರಾದರೂ ನುಡಿದರೆ ಅವರ ಅರ್ಜಿಯೂ ಸಾಯುತ್ತದೆ, ಕೋಡಿನವರ ಅರ್ಜಿಯೂ ಸಾಯುತ್ತದೆ. ಮೊದಮೊದಲು ಕದ್ದು ನುಡಿದು ಹೊಡೆದಾಟಗಳಾದವಂತೆ, ಹೆಣಗಳೂ ಬಿದ್ದವಂತೆ. ಆಮೇಲೆ ನಮ್ಮ ಹಿರಿಯರು ಒಂದು ಪದ್ಧತಿ ಮಾಡಿದರು. ಗಂಟೆ ಹೊಡೆದು ಇಲಾಖೆಯ ಹೆಸರು ಕೂಗಿದ ಕೂಡಲೇ, ಆ ಇಲಾಖೆಯ ಕೋಡಿಗೆ ಕಾಯದವರೆಲ್ಲ ಗೋಡೆಗೆ ಬೆನ್ನು ತಿರುಗಿಸಬೇಕು. ಅಂಗಳದಲ್ಲಿ ಹೆಸರು ಹೇಳಬಾರದು, ಯಾರನ್ನೂ ಏನನ್ನೂ ಕೇಳಬಾರದು. ಕೂಸುಗಳಿಗೆ ನಡೆಯಲು ಕಲಿಸುವಾಗಲೇ ನಾವು ತಿರುಗುವುದನ್ನೂ ಕಲಿಸುತ್ತೇವೆ. ನಮಗೆ ಇರುವ ಮರ್ಯಾದೆ ಅದೊಂದೇ, ಅದರ ಬಗ್ಗೆ ನಮಗೆ ಬಹಳ ಹೆಮ್ಮೆಯಿತ್ತು.

ನಾನು ಗಾಳಿಯಿಂದ ಕರೆಂಟು ಮಾಡುವ ಗಾಳಿಕಂಬದ ರೆಕ್ಕೆಗಳಿಗೆ ಬಟ್ಟೆ ಹೊಲಿಯುವವಳು. ಹೊಲಿಗೆ ನಿನ್ನಿಂದಲೇ ಬಂದಿರಬೇಕು. ಕಪ್ಪತಗುಡ್ಡದ ಮೇಲಿನ ಹಳೆಯ ರೆಕ್ಕೆಗಳು ಸವೆದು ಪುಡಿಯಾಗಿ ಊರ ಮೇಲೆ ಉದುರುತ್ತವೆ. ರೊಟ್ಟಿಯ ಹಿಟ್ಟನ್ನು ಒದ್ದೆ ಬಟ್ಟೆಯೊಳಗೆ ನಾದುತ್ತೇವೆ, ಹಾಸಿಗೆಯನ್ನು ದಿನಕ್ಕೆ ಎರಡು ಸಲ ಕೊಡವುತ್ತೇವೆ. ಆದರೂ ಆ ಪುಡಿ ಮಕ್ಕಳ ಎದೆ ಸೇರುತ್ತದೆ. ಅದಕ್ಕೆ ಪುಡಿಯೆದೆ ಎನ್ನುತ್ತಾರೆ. ನನ್ನ ಮಗಳು ನೇಸರಳಿಗೆ ಆರು ವರ್ಷ, ಅವಳಿಗೆ ಅದು ಬಂದಿದೆ. ದವಾಖಾನೆಯಲ್ಲಿ ಎದೆ ತೊಳೆದರೆ ಮಗು ಉಳಿಯುತ್ತದೆ, ಹಾಗೆ ಉಳಿದ ಮಕ್ಕಳನ್ನು ನಾನೇ ನೋಡಿದ್ದೇನೆ. ಆದರೆ ಕೋಡಿಲ್ಲದೆ ಬಾಗಿಲು ತೆರೆಯುವುದಿಲ್ಲ.

ಇಪ್ಪತ್ತೇಳು ದಿನಗಳ ಹಿಂದೆ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಗೋಡೆಯ ಮುಂದೆ ನಿಂತಿದ್ದೆ. ಆರು ವರ್ಷದ ಹುಡುಗಿ ಕಂಕುಳಲ್ಲಿ ಎಂದರೆ ಎಷ್ಟು ಹಗುರಾಗಿದ್ದಾಳೆಂದು ನೀನೇ ತಿಳಿದುಕೋ. ನನ್ನ ಪಕ್ಕದಲ್ಲಿ ಒಬ್ಬ ಮುದುಕ ನಿಂತಿದ್ದ. ಅವನ ಕೈಯಲ್ಲೂ ದವಾಖಾನೆಯ ಹಸಿರು ಚೀಟಿ. ಒಂದು ಇಲಾಖೆಗೆ ಒಂದು ಹೊತ್ತಿನಲ್ಲಿ ಒಬ್ಬರನ್ನೇ ಬಿಡಬೇಕು, ಆ ದಿನ ಗುಮಾಸ್ತ ಇಬ್ಬರನ್ನು ಬಿಟ್ಟಿದ್ದ. ಗಂಟೆ ಹೊಡೆಯಿತು. ದವಾಖಾನೆ ಎಂದು ಕೂಗಿತು. ಅಂಗಳದಲ್ಲಿದ್ದವರೆಲ್ಲ ತಿರುಗಿದರು. ಇಂಥ ಇಕ್ಕಟ್ಟಿನಲ್ಲಿ ಹಿರಿಯರಿಗೆ ದಾರಿ ಬಿಡಬೇಕೆಂದು ನನಗೆ ಕಲಿಸಿದ್ದರು. ನಾನು ಬೆನ್ನು ತಿರುಗಿಸಿದೆ, ಮಗಳ ಮುಖವನ್ನೂ ನನ್ನ ಹೆಗಲಿಗೆ ಒತ್ತಿಕೊಂಡೆ. ಮುದುಕ ಮುಂದೆ ಹೋಗುವ ಹೆಜ್ಜೆಸಪ್ಪಳಕ್ಕಾಗಿ ಕಾದೆ. ಅವನು ಹೋಗುವುದಿಲ್ಲವಾದರೆ ಕೆಮ್ಮಿ ತಿಳಿಸುತ್ತಾನೆ, ಆಗ ನಾನು ಹೋಗಬಹುದು ಎಂದುಕೊಂಡೆ. ಸಪ್ಪಳ ಬರಲಿಲ್ಲ, ಕೆಮ್ಮೂ ಬರಲಿಲ್ಲ. ಹೊತ್ತು ಮುಗಿದ ಗಂಟೆ ಹೊಡೆದಾಗ ತಿರುಗಿ ನೋಡಿದೆ. ಅವನೂ ಆಗಷ್ಟೇ ತಿರುಗುತ್ತಿದ್ದ. ಕೂಸು ಹೊತ್ತ ತಾಯಿಗೆ ದಾರಿ ಬಿಡಬೇಕೆಂದು ಅವನಿಗೆ ಕಲಿಸಿದ್ದರು.

ಗೋಡೆ ಬರಿದಾಗಿತ್ತು. ಆ ಆರು ಅಂಕಿಗಳನ್ನು ಅಂಗಳದಲ್ಲಿ ಒಬ್ಬರೂ ನೋಡಿರಲಿಲ್ಲ. ಅವು ನನ್ನವೋ ಅವನವೋ ಇಂದಿಗೂ ಗೊತ್ತಿಲ್ಲ. ನುಡಿಯದೆ ಬಿಟ್ಟ ಕೋಡನ್ನು ಬೇಡವೆಂದು ಬಿಟ್ಟದ್ದು ಎಂದು ಬರೆದುಕೊಳ್ಳುತ್ತಾರೆ. ಇಬ್ಬರ ಅರ್ಜಿಗೂ ನಲವತ್ತು ದಿನ ಬೀಗ ಬಿತ್ತು. ನಾನು ಗುಮಾಸ್ತನ ಕಾಲು ಹಿಡಿದೆ. ಅಂಗಳದ ಕಲ್ಲಿಗೆ ಹಣೆ ಚಚ್ಚಿಕೊಂಡೆ. ಮರ್ಯಾದೆ ಕಲಿಸಿದ ನನ್ನ ತಾಯಿಗೆ ಬಾಯಿಗೆ ಬಂದಂತೆ ಬೈದೆ, ಅವಳು ಸತ್ತು ಹತ್ತು ವರ್ಷವಾಗಿದೆ. ನಿನಗೂ ಬೈದೆ ಆಯಿ. ನಿನಗೆ ಹೆಚ್ಚು ಬೈದೆ.

ಹನ್ನೆರಡನೆಯ ದಿನ ಮುದುಕ ನಮ್ಮ ಮನೆ ಹುಡುಕಿಕೊಂಡು ಬಂದ. ಹೆಸರು ದ್ಯಾಮಣ್ಣ, ಆ ಹಸಿರು ಚೀಟಿ ಅವನ ಹೆಂಡತಿಯದು ಎಂದು ಆಗ ತಿಳಿಯಿತು. ಹೊಸ್ತಿಲ ಹೊರಗೇ ನಿಂತು, "ನಮ್ಮಾಕಿ ಹ್ವಾದ್ಳು ತಂಗಿ, ಇವತ್ತ ಮುಂಜಾನೆ" ಎಂದ. ನಾನು, "ನೀವು ಹಿರೇರು ಅಂತ ತಿರುಗಿದ್ನಿರಿ ಕಾಕಾ" ಎಂದೆ. "ಗೊತ್ತೈತಿ. ನಾನೂ ಕೂಸಿನ ಮಾರಿ ನೋಡಿ ತಿರುಗಿದೆ. ಇಬ್ರೊಳಗ ಒಬ್ರರ ಬಾಯಿ ಬಿಡಬೇಕಿತ್ತು, 'ಇದು ಯಾರ್ದು' ಅಂತ ಒಂದ ಮಾತು" ಎಂದ. ಮತ್ತೆ ಹೇಳಿದ: "ನಾ ಇನ್ನ ಆ ಗ್ವಾಡಿ ಮುಂದ ನಿಂದ್ರಂಗಿಲ್ಲ. ಬೀಗ ತೆಗೆದ ಮ್ಯಾಲೆ ದವಾಖಾನೀದು ಬಂದ್ರ ಅದು ನಿಂದ ಅಂತ ತಿಳಕೊ. ಹಿಂದ ಮುಂದ ನೋಡಬ್ಯಾಡ." ನೀರು ಕೊಟ್ಟೆ, ಕುಡಿದು ಹೋದ.

ಬೀಗ ತೆರೆಯಲು ಇನ್ನು ಹದಿಮೂರು ದಿನ ಇದೆ. ನೇಸರಳಿಗೆ ಅಷ್ಟು ದಿನ ಇದೆಯೋ ಇಲ್ಲವೋ ಹೇಳುವವರಿಲ್ಲ. ನಮ್ಮಲ್ಲಿ ನಲವತ್ತು ದಾಟಿದವರಿಗೆ ಬದುಕಿನಲ್ಲಿ ಒಂದೇ ಒಂದು ಸಲ ತಮ್ಮ ತಾಯಿನಂಬರಿಗೆ ಹಿಂದೋಲೆ ಕಳಿಸಲು ಬಿಡುತ್ತಾರೆ. ಹಿಂದೋಲೆ ಎಂದರೆ ಕಾಲದಲ್ಲಿ ಹಿಂದಕ್ಕೆ ಹೋಗುವ ಓಲೆ. "ಹೋಗ್ತೈತಿ ಅಂತಾರ, ಹೋಗಿ ಬಂದು ಹೇಳಿದವ್ರು ಯಾರೂ ಇಲ್ಲ" ಎಂದು ಗುಮಾಸ್ತ ಮುದ್ರೆ ಒತ್ತಿಕೊಟ್ಟ. ಮೊದಲು ಒಂದೇ ಸಾಲು ಬರೆಯಬೇಕೆಂದಿದ್ದೆ: ನಿನ್ನ ಸ್ವಂತ ನಂಬರ್ ಹಾಕು.

ಅದನ್ನು ಬರೆಯಲು ನನ್ನಿಂದ ಆಗಲಿಲ್ಲ. ನೀನು ಯಾಕೆ ಹಾಕಲಿಲ್ಲ ಎಂಬ ಕಥೆ ನಮ್ಮ ಮನೆಯಲ್ಲಿ ಬಾಯಿಂದ ಬಾಯಿಗೆ ಬಂದಿದೆ. ರೀಚಾರ್ಜ್ ಅಂಗಡಿಯವನು ನಿನ್ನ ನಂಬರ್ ಬರೆದಿಟ್ಟುಕೊಂಡು ಗೆಳೆಯರಿಗೆಲ್ಲ ಹಂಚಿದ. ಅವರಲ್ಲಿ ಒಬ್ಬ ಹಗಲೂ ರಾತ್ರಿ ಫೋನ್ ಮಾಡುತ್ತಿದ್ದ. ನೀನು ಎರಡು ಸಲ ಸಿಮ್ ಬದಲಿಸಿದೆ, ಮೂರನೆಯದನ್ನೂ ಅವನು ಹುಡುಕಿದ. ಒಂದು ದಿನ ಮನೆಯ ಎದುರು ಬಂದು ನಿಂತ. ಇವತ್ತು ಆ ಆ್ಯಪಿಗೆ ನಿನ್ನ ನಂಬರ್ ಕೊಟ್ಟರೆ ನಾಳೆ ಅದು ಅವನ ಕೈಗೆ ಸಿಗಬಹುದು. ಆಮೇಲೆ ನೀನು ಉಳಿಯುತ್ತೀಯೋ ಇಲ್ಲವೋ ನನಗೆ ಗೊತ್ತಿಲ್ಲ. ನನ್ನ ಮಗಳನ್ನು ಉಳಿಸಲು ನಿನ್ನನ್ನು ನೀನೇ ಅವನ ಬಾಯಿಗೆ ಕೊಡು ಎಂದು ಹೇಗೆ ಬರೆಯಲಿ? ಅಡಗಿಕೋ ಆಯಿ. ಬಾಡಿಗೆ ನಂಬರಿನ ಹಿಂದೆಯೇ ಇರು. ನೀನು ಮಾಡಿದ್ದು ತಪ್ಪಲ್ಲ. ನಾನು ಬೈದದ್ದು ತಪ್ಪು.

ಆದರೆ ಒಂದು ಕೆಲಸ ಮಾಡು. ಕೋಡು ಒಪ್ಪಿದ ಮೇಲೆ ಇನ್ನೊಂದು ಪುಟ ತೆರೆಯುತ್ತದೆ. ನಿಮಗೆ ನಂಬಿಕೆ ಇರುವ ಒಬ್ಬರ ನಂಬರ್ ಕೊಡಿ, ಮುಂದೆ ಖಾತೆ ಕೈತಪ್ಪಿದರೆ ಅವರನ್ನು ಕೇಳುತ್ತೇವೆ ಎಂದು ಅದರಲ್ಲಿರುತ್ತದೆ. ದಾಖಲೆಯ ಪ್ರಕಾರ ಹನ್ನೊಂದು ನಲವತ್ತನಾಲ್ಕಕ್ಕೆ ನೀನು ಅಲ್ಲಿ "ಆಮೇಲೆ" ಎಂದು ಒತ್ತಿದೆ. ಇಡೀ ಮನೆತನ ಆ ಒಂದು ಒತ್ತಿನಿಂದ ಗೋಡೆಯ ಮುಂದೆ ಬಂದು ನಿಂತಿದೆ. ಆ ಜಾಗ ತುಂಬಿದವರ ಮಕ್ಕಳು, ತಾಯಿನಂಬರ್ ಬಾಡಿಗೆಯದಾದರೂ ಸರಿ, ಗೋಡೆಗೆ ಬರಬೇಕಿಲ್ಲ. ಅವರಿಗೆ ಸಾಕ್ಷಿ ಹೇಳುವವರೊಬ್ಬರು ಇರುತ್ತಾರೆ, ಕೋಡು ಮನೆಗೇ ಹೋಗುತ್ತದೆ. ನಿನ್ನ ಪಕ್ಕದ ಕೋಣೆಯಲ್ಲಿ ಶಾಹಿದಾ ಇದ್ದಾಳೆ. ಆ ಮನುಷ್ಯ ಬಾಗಿಲಿಗೆ ಬಂದ ದಿನ ಕಟ್ಟಿಗೆ ಹಿಡಿದು ಹೊರಗೆ ಬಂದವಳು ಅವಳೇ ಎಂದು ಕೇಳಿದ್ದೇನೆ. ಅವಳ ನಂಬರ್ ಕೇಳಿ ಹಾಕು. ಬಾಗಿಲು ತಟ್ಟಿ ಕೇಳಲು ಎರಡು ನಿಮಿಷ ಸಾಕು. ನಿನಗೆ ಕೇಳಲು ಸಂಕೋಚ, ನನಗೆ ಗೊತ್ತು. ನಮಗೆಲ್ಲರಿಗೂ ಆ ಸಂಕೋಚ ನಿನ್ನಿಂದಲೇ ಬಂದಿದೆ.

ಇನ್ನು, ಬಾಡಿಗೆ ನಂಬರಿನ ಈ ಬಯಲು ಪುಟ ತೆರೆದಿರುವ ಉಳಿದವರೇ, ನಿಮಗೂ ಒಂದು ಮಾತು. ನೀವು ನಿಮ್ಮ ಆರು ಅಂಕಿಗೆ ಕಾಯುತ್ತಿದ್ದೀರಿ. ನಡುವೆ ಇಷ್ಟುದ್ದದ ಪತ್ರ ಬಂದು ಬಿದ್ದಿದೆ. ನಮ್ಮದಲ್ಲ ಎಂದು ಮುಖ ತಿರುಗಿಸುವುದು ಒಳ್ಳೆಯವರ ಲಕ್ಷಣ, ನನಗೆ ಅದು ಚೆನ್ನಾಗಿ ಗೊತ್ತು. ದಯವಿಟ್ಟು ತಿರುಗಿಸಬೇಡಿ. ಇದು ಯಾರದೆಂದು ಒಮ್ಮೆ ಬಾಯಿಬಿಟ್ಟು ಕೇಳಿ. ಬೆಟಗೇರಿಯಲ್ಲಿ ರವಿಕೆ ಹೊಲಿಯುವ ಕಸ್ತೂರಿ ಎಂಬವಳನ್ನು ಬಲ್ಲವರು ಯಾರಾದರೂ ಇದ್ದರೆ ಅವಳನ್ನು ಕೂಗಿ ಕರೆಯಿರಿ. ಹನ್ನೊಂದು ನಲವತ್ತನಾಲ್ಕು ಆಗುವುದರೊಳಗೆ ಕರೆಯಿರಿ.

ನೇಸರ ಈಗ ಎದ್ದಳು. ದಿನಾ ಎದ್ದ ಕೂಡಲೇ ಕೇಳುವುದನ್ನೇ ಇವತ್ತೂ ಕೇಳುತ್ತಿದ್ದಾಳೆ: "ಯವ್ವಾ, ನಮ್ದು ಬಂತೇನು?"

ನಿನ್ನ,
ಇಂದ್ರವ್ವ