ಮೂವತ್ತೆಂಟು ಗ್ರಾಂ ಯಾರ ಕಡೆಗೆ?

ತೂಕ ಮತ್ತು ಅಳತೆ ಇಲಾಖೆಯ ಮುಖ್ಯ ನಿಯಂತ್ರಕರಿಗೆ,

ಮಾನ್ಯರೇ, ನಿಮ್ಮ ಆದೇಶದಂತೆ ನಮ್ಮ ಕಚೇರಿಯ ಬಾಗಿಲ ಪಕ್ಕ ಹಾಕಿರುವ ಬೋರ್ಡಿನಲ್ಲಿ ಒಂದು ಸುಳ್ಳಿದೆ. 'ಗ್ರಾಹಕರನ್ನು ವಂಚಿಸಿದವರು' ಎಂಬ ಕೆಂಪು ತಲೆಬರಹದ ಕೆಳಗೆ, ಹನ್ನೆರಡನೆಯ ಸಾಲಿನಲ್ಲಿ, ಆಲೂಗಡ್ಡೆ ಮಾರುವ ಒಬ್ಬ ಹೆಂಗಸಿನ ಹೆಸರಿದೆ. ಆಕೆ ಯಾರನ್ನೂ ವಂಚಿಸಿಲ್ಲ. ನನಗೆ ಹೇಗೆ ಗೊತ್ತು ಎಂದರೆ, ಆಕೆಯ ಮೇಲೆ ಪ್ರಕರಣ ದಾಖಲಿಸಿದವನು ನಾನೇ. ಆ ಹೆಸರು ತೆಗೆಯಿರಿ ಎಂದು ನಿಮಗೆ ಮೂರು ಸಲ ಬರೆದೆ. ಮೊದಲನೆಯದಕ್ಕೆ ಉತ್ತರ ಬರಲಿಲ್ಲ. ಎರಡನೆಯದಕ್ಕೆ 'ಪರಿಶೀಲನೆಯಲ್ಲಿದೆ' ಎಂದು ಬಂತು. ಮೂರನೆಯದಕ್ಕೆ, ತಿಂಗಳ ಗುರಿ ಮುಟ್ಟಿದ್ದಕ್ಕಾಗಿ ಒಂದು ಅಭಿನಂದನಾ ಪತ್ರ ಬಂತು, ನಿಮ್ಮ ಸಹಿಯೊಂದಿಗೆ. ಹಾಗಾಗಿ ಈ ನಾಲ್ಕನೆಯದನ್ನು ಊರೆಲ್ಲ ಓದುವ ಜಾಗದಲ್ಲಿ ಬರೆಯುತ್ತಿದ್ದೇನೆ. ನೌಕರರು ಪತ್ರಿಕೆಗೆ ಬರೆಯಕೂಡದು ಎಂಬ ನಿಯಮ ನನಗೆ ಗೊತ್ತಿದೆ. ಇಪ್ಪತ್ತೊಂಬತ್ತು ವರ್ಷ ನಿಯಮಗಳ ಜೊತೆಗೇ ಸಂಸಾರ ಮಾಡಿದವನು ನಾನು. ಯಾವುದನ್ನು ಮುರಿಯುತ್ತಿದ್ದೇನೆ ಎಂಬುದು ತಿಳಿದೇ ಮುರಿಯುತ್ತಿದ್ದೇನೆ.

ನಾನು ಯಾರೆಂದು ನಿಮಗೆ ನೆನಪಿರಲಾರದು. ಮೊದಲು ನಮ್ಮಲ್ಲಿ ಕೃಷಿ ನಿರೀಕ್ಷಕರೊಬ್ಬರು, ಅಳತೆ ನಿರೀಕ್ಷಕ ನಾನು, ಹೀಗೆ ಇಬ್ಬರಿದ್ದೆವು. ಆರು ವರ್ಷದ ಹಿಂದೆ ಅವರು ನಿವೃತ್ತರಾದಾಗ, ಖಾಲಿಯಾದ ಕುರ್ಚಿಗೆ ಮತ್ತೊಬ್ಬರನ್ನು ತರುವ ಬದಲು ಆ ಕುರ್ಚಿಯನ್ನೇ ತೆಗೆಸಿ ಎರಡೂ ಕೆಲಸ ನನ್ನ ಹೆಗಲಿಗೆ ಹಾಕಿದಿರಿ. ಇದಕ್ಕೆ 'ಸಮನ್ವಯ' ಎಂದು ಹೆಸರಿಟ್ಟಿರಿ. ಅಂದಿನಿಂದ ಬೆಳಿಗ್ಗೆ ಆಲೂಗಡ್ಡೆ ಗಿಡದ ಎಲೆ ಮಗುಚಿ ಬೂಷ್ಟು ಹುಡುಕುತ್ತೇನೆ, ಮಧ್ಯಾಹ್ನ ಅದೇ ಆಲೂಗಡ್ಡೆ ತೂಗುವ ತಕ್ಕಡಿಯ ತಳದಲ್ಲಿ ಆಯಸ್ಕಾಂತ ಹುಡುಕುತ್ತೇನೆ. ಒಂದು ಚೀಲದಲ್ಲಿ ಮಣ್ಣಿನ ಮಾದರಿ, ಇನ್ನೊಂದರಲ್ಲಿ ಪರೀಕ್ಷೆಯ ತೂಕಗಳು. ಬೆನ್ನು ನೋವು ಯಾವ ಇಲಾಖೆಯದು ಎಂದು ಇನ್ನೂ ತೀರ್ಮಾನವಾಗಿಲ್ಲ.

ಅದನ್ನೂ ಹೊಟ್ಟೆಗೆ ಹಾಕಿಕೊಂಡಿದ್ದೆ. ಆಮೇಲೆ ಬಂತು ನಿಮ್ಮ ಸುತ್ತೋಲೆ. ಪ್ರತಿ ನಿರೀಕ್ಷಕ ತಿಂಗಳಿಗೆ ಹನ್ನೆರಡು ಪ್ರಕರಣ ದಾಖಲಿಸಬೇಕು, ತಪ್ಪಿತಸ್ಥರ ಹೆಸರು ಕಚೇರಿಯ ಮುಂದೆ ಒಂದು ವರ್ಷ ಪ್ರದರ್ಶಿಸಬೇಕು. ಅದೇ ಸುತ್ತೋಲೆಯ ಕೊನೆಯ ಪುಟದಲ್ಲಿ ಸಣ್ಣ ಅಕ್ಷರದಲ್ಲಿ ಇನ್ನೊಂದು ಮಾತಿತ್ತು: ದೊಡ್ಡ ಗೋದಾಮುಗಳ ವೇಬ್ರಿಡ್ಜ್ ಪರೀಕ್ಷಿಸುವ ಮುನ್ನ ಹದಿನೈದು ದಿನದ ಲಿಖಿತ ಸೂಚನೆ ಕೊಡತಕ್ಕದ್ದು. ಲಾರಿಗಟ್ಟಲೆ ಮಾಲು ತೂಗುವವರಿಗೆ ಹದಿನೈದು ದಿನ, ಬುಟ್ಟಿ ಇಟ್ಟುಕೊಂಡು ಕೂತವರಿಗೆ ಹದಿನೈದು ಕ್ಷಣವೂ ಇಲ್ಲ. ನಾನು ಹೋದ ದಿನ ಗೋದಾಮಿನ ವೇಬ್ರಿಡ್ಜ್ ಎಣ್ಣೆ ಹಚ್ಚಿಕೊಂಡು, ಬಣ್ಣ ಬಳಿದುಕೊಂಡು, ಹೆಣ್ಣು ನೋಡಲು ಬಂದ ಗಂಡಿನ ಹಾಗೆ ನೆಟ್ಟಗೆ ನಿಂತಿರುತ್ತದೆ. ಮರುದಿನ ಅದು ಹೇಗಿರುತ್ತದೆ ಎಂದು ನೋಡಲು ನನಗೆ ಮತ್ತೆ ಹದಿನೈದು ದಿನ ಬೇಕು. ಹೀಗಿರುವಾಗ ಹನ್ನೆರಡು ಪ್ರಕರಣ ಎಲ್ಲಿಂದ ಬರಬೇಕು? ಬುಟ್ಟಿಗಳ ಸಾಲಿನಿಂದಲೇ ಬರಬೇಕು. ನೀವು ಹಾಗೆಂದು ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ.

ಅಂದು ತಿಂಗಳ ಇಪ್ಪತ್ತೊಂಬತ್ತನೆಯ ತಾರೀಖು. ನನ್ನ ಪುಸ್ತಕದಲ್ಲಿ ಹನ್ನೊಂದು ಪ್ರಕರಣಗಳಿದ್ದವು. ನಾನು ತರಕಾರಿ ಮಾರುಕಟ್ಟೆಗೆ ಕಾಲಿಡುವುದಕ್ಕೆ ಮುಂಚೆಯೇ ಸುದ್ದಿ ಕಾಲಿಟ್ಟಿರುತ್ತದೆ. "ಗ್ರಾಂ ಸಾಹೇಬ್ರು ಬಂದ್ರು!" ಎಂದು ಯಾರೋ ಕೂಗುತ್ತಾರೆ, ತಟ್ಟೆಗಳ ತಳಕ್ಕೆ ಮೆತ್ತಿದ್ದ ಮೇಣವೆಲ್ಲ ಮಾಯವಾಗುತ್ತದೆ, ಎಲ್ಲರೂ ನನ್ನನ್ನು ಬೀಗರಂತೆ ಮಾತಾಡಿಸುತ್ತಾರೆ. ಕೊನೆಯ ಸಾಲಿನಲ್ಲಿ ಎಲ್ಲರೂ ಅಕ್ಕ ಎಂದು ಕರೆಯುವ ಆಲೂಗಡ್ಡೆಯಾಕೆ ಮಾತ್ರ ಕೂತಲ್ಲಿಂದ ಅಲುಗಲಿಲ್ಲ. ಅರವತ್ತು ದಾಟಿದ ಹೆಂಗಸು, ಕೈಯಲ್ಲಿ ಹಳೆಯ ಎರಡು ತಟ್ಟೆಯ ತಕ್ಕಡಿ. ಅದನ್ನು ಖಾಲಿ ಎತ್ತಿ ಹಿಡಿಯಲು ಹೇಳಿದೆ. ಮುಳ್ಳು ವಾಲಿತು. ಬಗ್ಗಿ ನೋಡಿದರೆ ಒಂದು ತಟ್ಟೆಯ ಅಡಿಯಲ್ಲಿ ತಂತಿ ಸುತ್ತಿ ಕಟ್ಟಿದ ಕಬ್ಬಿಣದ ನಟ್ಟು. ನಿಜ ಹೇಳುತ್ತೇನೆ, ನನಗೆ ಖುಷಿಯಾಯಿತು. ಹನ್ನೆರಡು ಆಯಿತಲ್ಲ, ಮನೆಗೆ ಹೋಗಬಹುದು ಎಂದುಕೊಂಡೆ.

ಆಮೇಲೆ ಪರೀಕ್ಷೆಯ ತೂಕ ಇಟ್ಟು ಇನ್ನೊಮ್ಮೆ ನೋಡಿದೆ. ನಟ್ಟು ಇದ್ದದ್ದು ಮಾಲು ಹಾಕುವ ತಟ್ಟೆಗಲ್ಲ, ತೂಕದ ಕಲ್ಲು ಇಡುವ ತಟ್ಟೆಗೆ. ಅಂದರೆ ಆಕೆ ಪ್ರತಿ ಸಲ ತೂಗಿದಾಗಲೂ ಗಿರಾಕಿಗೆ ಮೂವತ್ತೆಂಟು ಗ್ರಾಂ ಹೆಚ್ಚು ಹೋಗುತ್ತಿತ್ತು.

"ಇದೇನಕ್ಕಾ ಇದು?"

"ನಟ್ಟು ಸ್ವಾಮಿ. ಸೈಕಲ್ ರಿಪೇರಿಯವನ ಹತ್ರ ಇಸ್ಕೊಂಡೆ."

"ಅದು ಕಾಣ್ತಿದೆ. ಯಾಕೆ ಕಟ್ಟಿದೀರಿ?"

"ಕಣ್ಣು ಮಂಜಾಗಿದೆ. ಮುಳ್ಳು ನೆಟ್ಟಗೆ ನಿಂತಿದೆಯೋ ವಾಲಿದೆಯೋ ಸರಿಯಾಗಿ ತಿಳಿಯಲ್ಲ. ನನ್ನ ಕಣ್ಣು ತಪ್ಪಿದ್ರೆ ಇನ್ನೊಬ್ರಿಗೆ ಯಾಕೆ ಕಮ್ಮಿ ಹೋಗ್ಬೇಕು? ತಪ್ಪು ಆಗೋದೇ ಆದ್ರೆ ನನ್ನ ಕಡೆಗೇ ಆಗ್ಲಿ ಅಂತ ಕಟ್ಟಿದೆ."

ಇಪ್ಪತ್ತೊಂಬತ್ತು ವರ್ಷ ಅನುಮಾನಪಡುವುದಕ್ಕೇ ಸಂಬಳ ತೆಗೆದುಕೊಂಡವನು ಇಷ್ಟಕ್ಕೆ ಬಿಡುತ್ತೇನೆಯೇ? ಮಾರುವವಳಿಗೆ ನಷ್ಟ ಮಾಡುವ ತಕ್ಕಡಿ, ಅದೇ ಹೆಂಗಸು ಕೊಳ್ಳಲು ಕೂತಾಗ ಲಾಭ ಮಾಡಿಕೊಡುತ್ತದೆ. ಒಂದು ಕಡೆ ಮೂವತ್ತೆಂಟು ಗ್ರಾಂ ಕೊಟ್ಟು ಇನ್ನೊಂದು ಕಡೆ ಮೂವತ್ತೆಂಟು ಗ್ರಾಂ ಕಿತ್ತುಕೊಂಡರೆ ಅದು ಧರ್ಮವಲ್ಲ, ಕೈಚಳಕ. ಸಿಕ್ಕಿಬಿದ್ದಳು ಎಂದುಕೊಂಡು ಕೇಳಿದೆ.

"ರೈತರ ಹತ್ರ ಕೊಳ್ಳೋದೂ ಇದೇ ತಕ್ಕಡೀಲಾ?"

"ಇದರಲ್ಲೇ."

"ಹಾಗಾದ್ರೆ ಅವರಿಗೆ ಮೋಸ ಆಗಲ್ವಾ ಅಕ್ಕ?"

ಆಕೆ ನನ್ನನ್ನು ಮಗ್ಗಿ ಬಾರದ ಹುಡುಗನನ್ನು ನೋಡುವ ಹಾಗೆ ನೋಡಿದಳು. "ಕೊಳ್ಳುವಾಗ ತಟ್ಟೆ ಬದಲಾಯಿಸ್ತೀನಿ ಸ್ವಾಮಿ. ಮಾಲು ನಟ್ಟಿರೋ ಕಡೆಗೆ, ಕಲ್ಲು ಇನ್ನೊಂದು ಕಡೆಗೆ. ಅಷ್ಟೂ ಗೊತ್ತಾಗಲ್ವಾ ನನಗೆ?"

"ಕೊಳ್ಳುವಾಗಲೂ ನಿಮಗೇ ಕಮ್ಮಿ, ಮಾರುವಾಗಲೂ ನಿಮಗೇ ಕಮ್ಮಿ. ವ್ಯಾಪಾರ ಹೇಗೆ ನಡೆಯುತ್ತೆ?"

"ಅರ್ಧ ಆಲೂಗಡ್ಡೆಗೆ ಮುಳುಗೋ ವ್ಯಾಪಾರ ಆಗಿದ್ರೆ ಯಾವತ್ತೋ ಮುಳುಗ್ತಿತ್ತು ಬಿಡಿ" ಎಂದು ನಕ್ಕಳು.

ಆಗ ನಾನು ಏನು ಮಾಡಬೇಕಿತ್ತು ಎಂಬುದು ನನಗೆ ಚೆನ್ನಾಗಿ ಗೊತ್ತು. ನನ್ನ ಚೀಲದಲ್ಲೇ ಇಕ್ಕಳ ಇತ್ತು. ತಂತಿ ಕತ್ತರಿಸಿ ನಟ್ಟು ಕೈಗೆ ಕೊಟ್ಟು, 'ಕನ್ನಡಕ ಮಾಡಿಸ್ಕೊಳ್ಳಿ ಅಕ್ಕ' ಎಂದು ಹೇಳಿ ಮುಂದೆ ಹೋಗಬೇಕಿತ್ತು. ಮೌಖಿಕ ಸಲಹೆ ಕೊಡುವ ಅಧಿಕಾರ ನನಗಿದೆ. ಆದರೆ ಮೌಖಿಕ ಸಲಹೆಯನ್ನು ನೀವು ಗುರಿಯಲ್ಲಿ ಎಣಿಸುವುದಿಲ್ಲ. ನಾನು ಬಳಲಿದ್ದೆ, ತಿಂಗಳು ಮುಗಿಯುತ್ತಿತ್ತು, ಹಿಂದಿನ ತಿಂಗಳು ಒಂದು ಕಡಿಮೆಯಾಗಿದ್ದಕ್ಕೆ ಕೊಟ್ಟ ವಿವರಣೆಯ ಶಾಯಿ ಇನ್ನೂ ಆರಿರಲಿಲ್ಲ. ತಕ್ಕಡಿ ಜಪ್ತಿ ಮಾಡಿ ಚೀಟಿ ಕಟ್ಟಿದೆ. ವರದಿಯ ನಮೂನೆಯಲ್ಲಿ 'ದೋಷದ ಪ್ರಮಾಣ' ಎಂಬ ಕಾಲಂ ಇದೆ, ಅಲ್ಲಿ ಮೂವತ್ತೆಂಟು ಗ್ರಾಂ ಎಂದು ಬರೆದೆ. ದೋಷ ಯಾರ ಕಡೆಗೆ ಎಂದು ಕೇಳುವ ಕಾಲಂ ಇಲ್ಲ. ಕೇಳದಿದ್ದದ್ದನ್ನು ನಾನೂ ಹೇಳಲಿಲ್ಲ. ಷರಾ ಬರೆಯಲು ಕೆಳಗೆ ಎರಡು ಬೆರಳಿನಷ್ಟು ಜಾಗವಿತ್ತು. ಆ ಜಾಗವನ್ನು ಖಾಲಿ ಬಿಟ್ಟ ನಾಚಿಕೆ ನನ್ನದು, ಅದನ್ನು ನಿಮ್ಮ ಮೇಲೆ ಹೊರಿಸುವುದಿಲ್ಲ.

ಮನೆಯಲ್ಲಿ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿದೆ. ಅವಳು ಹದಿನಾಲ್ಕು ವರ್ಷದಿಂದ ಆ ಅಕ್ಕನ ಗಿರಾಕಿ ಎಂಬುದು ನನಗೆ ಆವತ್ತೇ ತಿಳಿದದ್ದು.

"ಅವಳ ಹತ್ರ ತಂದಿದ್ದು ಇತ್ತೀಚೆಗೆ ಯಾವಾಗ್ಲೂ ಸ್ವಲ್ಪ ಜಾಸ್ತಿನೇ ಬರ್ತಿತ್ತು" ಎಂದಳು. "ಪರವಾಗಿಲ್ಲ, ನಮ್ಮನೆಯವರಿಗೆ ಹೆದರಿ ಮಾರ್ಕೆಟ್ಟು ಸುಧಾರಿಸಿದೆ ಅಂತ ನಾನು ಹೆಮ್ಮೆಪಟ್ಟಿದ್ದೆ."

ತಟ್ಟೆ ಪಕ್ಕಕ್ಕೆ ಸರಿಸಿದೆ. ಅವಳು ನೀರು ಮುಂದಿಟ್ಟು ಎದ್ದು ಹೋದಳು. ಮೂವತ್ತು ವರ್ಷ ಜೊತೆಗಿದ್ದವಳಿಗೆ ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿದೆ.

ಮರುವಾರ ಕೃಷಿ ನಿರೀಕ್ಷಕನ ಚೀಲ ಹೊತ್ತು ಒಂದು ಹೊಲಕ್ಕೆ ಹೋದೆ. ಅಕ್ಕನಿಗೆ ಆಲೂಗಡ್ಡೆ ಕೊಡುವ ರೈತನ ಹೊಲ ಅದು. ತಟ್ಟೆ ಬದಲಾಯಿಸುವ ವಿಷಯ ನಾನಾಗಿ ಎತ್ತಲಿಲ್ಲ, ಅವನೇ ಎತ್ತಿದ. "ಆ ಯಮ್ಮ ಕೊಳ್ಳುವಾಗ ತಕ್ಕಡಿ ತಿರುಗಿಸಿ ಹಿಡೀತಾಳೆ ಸಾರ್. ಏನೋ ಮೋಸ ಇದೆ ಅಂತ ಮುಂದಿನ ಸಲ ಮನೇಲೇ ಬೇರೆ ತಕ್ಕಡೀಲಿ ತೂಗ್ಕೊಂಡು ಹೋದೆ. ನೋಡಿದ್ರೆ ನಮ್ಮ ಮಾಲಿಗೆ ಜಾಸ್ತಿ ತೂಕ ಹಿಡಿದು ದುಡ್ಡು ಕೊಟ್ಟಿದಾಳೆ. ಕೇಳೋಕೂ ನಾಚಿಕೆ ಆಯ್ತು, ಸುಮ್ನಾದೆ." ಅವನ ಹೇಳಿಕೆಯನ್ನು ಬರೆದುಕೊಂಡು, ಸಹಿ ಹಾಕಿಸಿ, ನಿಮಗೆ ಕಳಿಸಿದ ಎರಡನೆಯ ಪತ್ರಕ್ಕೆ ಲಗತ್ತಿಸಿದ್ದೆ. ನಿಮ್ಮ ಕಚೇರಿಯಿಂದ ಒಬ್ಬರು ಫೋನ್ ಮಾಡಿ ಬಹಳ ಮರ್ಯಾದೆಯಿಂದ ತಿಳಿಸಿದರು: ಆ ಹೇಳಿಕೆಯನ್ನು ನಾನು ಕೃಷಿ ನಿರೀಕ್ಷಕನಾಗಿ ಪ್ರವಾಸದಲ್ಲಿದ್ದಾಗ ಪಡೆದಿರುವುದರಿಂದ ಅದು ಕೃಷಿ ಕಡತಕ್ಕೆ ಸೇರುತ್ತದೆ, ಅಳತೆಯ ಕಡತಕ್ಕೆ ಸೇರಿಸಲು ಬರುವುದಿಲ್ಲ. ಸ್ವಾಮಿ, ಇಬ್ಬರ ಕೆಲಸ ಒಬ್ಬನಿಗೆ ಕೊಡುವಾಗ ನಾನು ಒಬ್ಬನೇ ಇದ್ದೆ. ಈಗ ನಿಜ ಹೇಳಲು ಹೊರಟರೆ ಇಬ್ಬರಾಗಿಬಿಟ್ಟೆನೇ?

ಬೋರ್ಡಿಗೆ ಹೆಸರು ಬಂದ ನಾಲ್ಕನೆಯ ದಿನ ಅಕ್ಕ ಕಚೇರಿಗೆ ಬಂದಳು. ಯಾರೋ ಗಿರಾಕಿ ಹೇಳಿದ್ದರಂತೆ. ನನ್ನನ್ನು ಹೊರಗೆ ಕರೆದು ಬೋರ್ಡಿನ ಮುಂದೆ ನಿಲ್ಲಿಸಿದಳು.

"ನನ್ನ ಹೆಸರು ಬರ್ದಿದಾರಂತೆ. ನನಗೆ ಕಾಣಲ್ಲ, ಓದಿ ಸ್ವಾಮಿ."

ಓದಿದೆ. ಹೆಸರು, ಮಾರುಕಟ್ಟೆ, ತಾರೀಖು, ತಕ್ಕಡಿಯಲ್ಲಿ ದೋಷ ಮೂವತ್ತೆಂಟು ಗ್ರಾಂ.

"ಮೇಲೆ ಕೆಂಪಗೆ ದಪ್ಪ ಅಕ್ಷರದಲ್ಲಿ ಏನೋ ಇದೆಯಲ್ಲ?"

"ಅದು ಕಚೇರಿ ಹೆಸರು ಅಕ್ಕ."

ಆ ಕೆಂಪು ಬಣ್ಣದ ಕಡೆಗೇ ಕಣ್ಣು ಕಿರಿದು ಮಾಡಿ ನೋಡಿದಳು. ಆಮೇಲೆ ಮೆಲ್ಲಗೆ ಹೇಳಿದಳು. "ಸ್ವಾಮಿ, ನೀವು ಕಮ್ಮಿ ಓದ್ತಿದೀರಿ."

ಪೂರ್ತಿ ಓದಿದೆ. ಕೂಗಾಡುತ್ತಾಳೆ, ಶಾಪ ಹಾಕುತ್ತಾಳೆ ಎಂದು ಕಾದೆ. ಹಾಗೆ ಮಾಡಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಆಕೆ ಕೇಳಿದ್ದು ಒಂದೇ. "ಇದನ್ನ ಯಾವಾಗ ಇಳಿಸ್ತಾರೆ?" ಒಂದು ವರ್ಷ ಎಂದೆ. "ಮೊಮ್ಮಗಳು ದಿನಾ ಇದೇ ದಾರೀಲಿ ಸ್ಕೂಲಿಗೆ ಹೋಗೋದು. ಅವಳಿಗೆ ಓದೋಕೆ ಬರುತ್ತಲ್ಲ ಸ್ವಾಮಿ" ಎಂದು ಹೇಳಿ ಮೆಟ್ಟಿಲು ಇಳಿದು ಹೋದಳು. ಈಗ ಆ ಹುಡುಗಿ ಹಿಂದಿನ ಬೀದಿ ಸುತ್ತಿಕೊಂಡು ಶಾಲೆಗೆ ಹೋಗುತ್ತಾಳೆ. ನಾನು ನನ್ನ ಕಿಟಕಿಯಿಂದ ನೋಡುತ್ತೇನೆ.

ಮಾನ್ಯರೇ, ಕಾನೂನು ತಪ್ಪೆಂದು ನಾನು ಹೇಳುತ್ತಿಲ್ಲ. ವಾಲಿದ ತಕ್ಕಡಿ ಯಾವ ಕಡೆಗೆ ವಾಲಿದರೂ ಮಾರುಕಟ್ಟೆಯಲ್ಲಿ ಇರಬಾರದು. ಇಂದು ಅಕ್ಕನ ಕೈಯಲ್ಲಿ ಕೊಡುವ ತಕ್ಕಡಿ ನಾಳೆ ಇನ್ನೊಬ್ಬರ ಕೈಯಲ್ಲಿ ಕಿತ್ತುಕೊಳ್ಳುವ ತಕ್ಕಡಿಯಾಗಬಹುದು. ಅದನ್ನು ಸರಿಪಡಿಸುವುದು ನನ್ನ ಕೆಲಸ, ಅದರ ಬಗ್ಗೆ ತಕರಾರಿಲ್ಲ. ಆದರೆ ತಕ್ಕಡಿಯ ದೋಷಕ್ಕೆ ಮನುಷ್ಯರನ್ನು ವಂಚಕರು ಎಂದು ಕರೆಯಿರಿ ಎಂದು ಯಾವ ಕಾನೂನು ಹೇಳಿದೆ? ಬೋರ್ಡು ಬರೆಯುವವನಿಗೆ ತಲೆಬರಹ ಬರೆದುಕೊಟ್ಟವರು ಯಾರು? ಅವರು ಒಂದು ದಿನವಾದರೂ ತಕ್ಕಡಿ ಹಿಡಿದು ನಿಂತಿದ್ದಾರೆಯೇ? ಆ ಬೋರ್ಡಿನಲ್ಲಿ ಗೋದಾಮಿನ ಒಂದಾದರೂ ಹೆಸರು ಇದೆಯೇ ಎಂದು ಹುಡುಕಿದೆ. ನನ್ನ ಕಣ್ಣು ಇನ್ನೂ ಚೆನ್ನಾಗಿದೆ. ಇರಲಿಲ್ಲ.

ಅಕ್ಕ ಈಗಲೂ ಅದೇ ಜಾಗದಲ್ಲಿ ಕೂರುತ್ತಾಳೆ, ತಕ್ಕಡಿ ಇಲ್ಲದೆ. ಪಕ್ಕದ ಟೊಮೆಟೊದವನು ತೂಗಿಕೊಡುತ್ತಾನೆ. ಗಿರಾಕಿಗಳು ತೂಗುವ ಅವನ ಕೈ ನೋಡುವುದಿಲ್ಲ, ಅನುಮಾನದಿಂದ ಇವಳ ಮುಖವನ್ನೇ ನೋಡುತ್ತಾರೆ. ಮೊನ್ನೆ ಹೋಗಿ, ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತೇನೆ, ಕನ್ನಡಕ ನಾನೇ ಮಾಡಿಸಿಕೊಡುತ್ತೇನೆ ಎಂದೆ. ಆಕೆ ಬೇಡವೆಂದು ತಲೆಯಾಡಿಸಿದಳು. "ಮೊದಲು ಆ ಬೋರ್ಡು ಇಳಿಸಿ ಸ್ವಾಮಿ. ಈಗ ಕಣ್ಣು ಕಾಣಿಸಿದ್ರೆ ಅದೇ ತಾನೇ ಕಾಣೋದು?"

ಇದಕ್ಕೆ ನಿಮ್ಮಲ್ಲಿ ಉತ್ತರವಿದ್ದರೆ ದಯವಿಟ್ಟು ನೀವೇ ಬಂದು ಹೇಳಿ. ಹದಿನೈದು ದಿನದ ಸೂಚನೆ ಏನೂ ಬೇಡ.

ನನ್ನ ಬೇಡಿಕೆ ದೊಡ್ಡದಲ್ಲ. ಆಕೆಯ ಹೆಸರನ್ನು ಬೋರ್ಡಿನಿಂದ ತೆಗೆಯಿರಿ, ಸುಮ್ಮನೆ ಅಳಿಸಬೇಡಿ. ಯಾಕೆ ತೆಗೆದಿರಿ ಎಂಬುದನ್ನು ಅಷ್ಟೇ ದಪ್ಪ ಅಕ್ಷರದಲ್ಲಿ, ಅದೇ ಜಾಗದಲ್ಲಿ, ಶಾಲೆಗೆ ಹೋಗುವ ಮಕ್ಕಳಿಗೂ ಅರ್ಥವಾಗುವ ಮಾತಿನಲ್ಲಿ ಬರೆಸಿ. ವರದಿಯ ನಮೂನೆಗೆ ಒಂದು ಕಾಲಂ ಸೇರಿಸಿ, ದೋಷ ಯಾರ ಕಡೆಗೆ ಎಂದು ಕೇಳಿ. ಇದಕ್ಕೆಲ್ಲ ಸಮಿತಿ ಬೇಕು, ಸಭೆ ಬೇಕು, ಸಮಯ ಬೇಕು ಎನ್ನುತ್ತೀರಿ. ಆಗಲಿ, ತೆಗೆದುಕೊಳ್ಳಿ. ಆದರೆ ಹೆಸರು ಮಾತ್ರ ಈ ವಾರವೇ ಇಳಿಯಬೇಕು. ಪಟ್ಟಿಯಲ್ಲಿ ಹನ್ನೆರಡು ಇರಲೇಬೇಕು, ಸಾಲು ಖಾಲಿ ಬಿಡಲು ಬರುವುದಿಲ್ಲ ಎಂದಾದರೆ ಅಲ್ಲಿ ನನ್ನ ಹೆಸರು ಬರೆಸಿ. ನಾನು ತೂಗಿ ನೋಡಿದ್ದು ಒಂದು, ಬರೆದು ಕೊಟ್ಟದ್ದು ಅದಕ್ಕಿಂತ ಕಡಿಮೆ. ತಪ್ಪೊಪ್ಪಿಗೆ ಬೇಕಿದ್ದರೆ ಈ ಪತ್ರವನ್ನೇ ಕಡತಕ್ಕೆ ಸೇರಿಸಿಕೊಳ್ಳಿ. ತಲೆಬರಹ ಬದಲಾಯಿಸುವ ಅಗತ್ಯವಿಲ್ಲ.

ಇಂತಿ,
ಈ ಪತ್ರ ನಿಮ್ಮ ಮೇಜು ತಲುಪುವವರೆಗಾದರೂ ನಿಮ್ಮ ಕೈಕೆಳಗಿರುವ,
ಗುರಿ ಮುಟ್ಟಿ ಅಭಿನಂದನೆ ಪಡೆದ ಒಬ್ಬ ನಿರೀಕ್ಷಕ