ಹುಳದ ಮನೆಯ ಕಡೇ ಕಂತು

ರೀ,

ನಾನು ಮಾವನ ಜೊತೆ ರೇಷ್ಮೆಗೂಡು ಮಾರಲು ರಾಮನಗರಕ್ಕೆ ಹೊರಟೆ. ಮೇಸ್ತ್ರಿ ಗವಿಸಿದ್ದಯ್ಯನವರು ಬರುತ್ತಾರೆ. ಹೊಸ ಹುಳದ ಮನೆ ಒಂದು ಮಳೆಗಾಲ ಕಳೆಯಲಿ ಎಂದು ತಡೆದಿಟ್ಟಿದ್ದ ಕಡೇ ಕಂತು ಬೀರುವಿನಲ್ಲಿದೆ, ಪೂರ್ತಿ ಕೊಡಿ. ಸೋರಿತ್ತಲ್ಲ ಎಂದು ಒಂದು ರೂಪಾಯಿಯನ್ನೂ ಮುರಿದುಕೊಳ್ಳಬೇಡಿ.

ಸೋರಿದ್ದು ಅವರ ಕೆಲಸದಿಂದಲ್ಲ. ಪೂಜೆಯ ದಿನ ಚಪ್ಪರದ ಕಂಬಕ್ಕೆಂದು ನೀವು ಹೊಸ ತಾರಸಿಗೆ ತೂತು ಹೊಡೆದಿರಲ್ಲ, ಅಲ್ಲಿಂದ. ಅದು ಅವರ ಹೊಣೆಗೆ ಬರುವುದೇ ಇಲ್ಲ. ಆದರೂ ಆ ಮಳೆಯಲ್ಲೇ ಓಡಿಬಂದು ಟಾರ್ಪಾಲು ಹೊದಿಸಿದರು, ಆಮೇಲೆ ಸ್ವಂತ ಖರ್ಚಿನಲ್ಲಿ ತೂತು ಮುಚ್ಚಿಕೊಟ್ಟರು. ನಾನು ಸಂಕೋಚಪಟ್ಟರೆ, "ಯಾರ್ ತಪ್ಪಾದ್ರೇನು ಬುಡವ್ವಾ, ಮೊದ್ಲು ಹುಳ ಉಳೀಲಿ" ಅಂದರು. ಇವತ್ತು ಗಾಡಿ ತುಂಬ ಗೂಡು ಹೋಗುತ್ತಿರುವುದು ಅವರ ಪುಣ್ಯದಿಂದ.

ರಿಪೇರಿಯ ಖರ್ಚನ್ನೂ ಸೇರಿಸಿ, ತಟ್ಟೆಯಲ್ಲಿ ಎಲೆ ಅಡಿಕೆ ಜೊತೆ ಇಟ್ಟು ಕೊಡಿ. ಬೇಡ ಅಂದರೆ ಬಿಡಬೇಡಿ. ಮುದ್ದೆ, ಸೊಪ್ಪಿನ ಸಾರು ಮಾಡಿಟ್ಟಿದ್ದೇನೆ, ಉಣ್ಣಿಸಿಯೇ ಕಳಿಸಿ.

ಕರಾರಿನ ಪ್ರಕಾರ ಅವರ ಹೊಣೆ ಇವತ್ತಿಗೆ ಮುಗಿಯಿತು. ಇನ್ನು ತಾರಸಿ ನಮ್ಮ ಜವಾಬ್ದಾರಿ. ಅದಕ್ಕೇ ಡ್ರಿಲ್ ಮೆಷಿನ್ ನಮ್ಮಪ್ಪನ ಮನೆಗೆ ಕಳಿಸಿದ್ದೇನೆ. ಹುಡುಕಬೇಡಿ.

ರಾಧಾಮಣಿ